ಅಂದಾನಪ್ಪ ಮಾಸ್ತರರ ಆರು ತಿಂಗಳು

ಜೋಳದ ದಂಟಿನ ತುದಿಗೆ ಸುಣ್ಣ ಬಳಿದಿರುತ್ತಿತ್ತು. ಎಲೆ ಅಡಿಕೆಯ ಡಬ್ಬಿಯಿಂದ ತೆಗೆದ ಸುಣ್ಣ, ಒಂದು ಉಗುರಿನಷ್ಟು. ಕತ್ತಲಾದ ಮೇಲೆ ದಂಟು ಕಾಣುತ್ತಿರಲಿಲ್ಲ, ಅದನ್ನು ಹಿಡಿದ ಕೈಯೂ ಕಾಣುತ್ತಿರಲಿಲ್ಲ. ಆ ಬಿಳಿಯ ತುದಿ ಮಾತ್ರ ನಮ್ಮ ತಲೆಗಳ ಮೇಲೆ ಸುಳಿದಾಡಿ, ಆಕಾಶದ ಒಂದು ಬೆಳಕಿನ ಕೆಳಗೆ ಹೋಗಿ ನಿಲ್ಲುತ್ತಿತ್ತು. ಆಗ ಅಂದಾನಪ್ಪ ಮಾಸ್ತರರ ಧ್ವನಿ ಕೇಳಿಸುತ್ತಿತ್ತು.

"ಹೆಸರು ಯಾರೂ ಹೇಳಬ್ಯಾಡ್ರಿ. ಯಾವ ಥರದ್ದು ಅಷ್ಟ ಹೇಳ್ರಿ."

ಕುಕನೂರಿನಿಂದ ಯಲಬುರ್ಗಾಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗಿರುವ ನಮ್ಮ ಊರಿನ ಶಾಲೆಯಲ್ಲಿ ಅವರು ವಿಜ್ಞಾನ ಮತ್ತು ಗಣಿತ ಕಲಿಸುತ್ತಿದ್ದರು. ಶಾಲೆಯ ಹಿಂದೆ ಊರವರ ಕಣವಿತ್ತು. ರಾಶಿ ಮುಗಿದ ಮೇಲೆ ಖಾಲಿ ಬಿದ್ದಿರುತ್ತಿದ್ದ ಆ ಕಣಕ್ಕೆ, ಊಟಕ್ಕೆ ಮುಂಚೆ, ಬರಲು ಮನಸ್ಸಿದ್ದ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದರು. ಆ ಹೊತ್ತಿಗೆ ಕರೆಂಟು ಹೇಗೂ ಇರುತ್ತಿರಲಿಲ್ಲ. ಕಪ್ಪು ನೆಲ, ಕಪ್ಪು ಆಕಾಶ, ನಡುವೆ ಗೋಣಿಚೀಲದ ಮೇಲೆ ಮಲಗಿದ ನಾವು.

ಅವರ ಪ್ರಶ್ನೆಗಳು ನಾಲ್ಕೇ. ಮಿಣಕತೈತೇನು? ನಡೀತೈತೇನು? ಅಂಚು ಚೂಪೈತೋ, ಒರಸಿದಂಗೈತೋ? ನಾಳಿ ಅಲ್ಲೇ ಇರತೈತೇನು? ಮಿಣುಕಿದರೆ ನಕ್ಷತ್ರ. ಮಿಣುಕದೆ ತಣ್ಣಗೆ ಉರಿದು, ದಿನ ಕಳೆದಂತೆ ನೆರೆಯ ಚುಕ್ಕಿಗಳಿಂದ ಸರಿದರೆ ಗ್ರಹ. ಕಂದೀಲು ಹಿಡಿದು ಯಾರೋ ಹೊಲದ ಬದುವಿನ ಮೇಲೆ ಹೋದಂತೆ ಸದ್ದಿಲ್ಲದೆ ಸಾಗಿ, ನಡು ಆಕಾಶದಲ್ಲಿ ಆರಿದರೆ ಮನುಷ್ಯರು ಹಾರಿಸಿದ ಉಪಗ್ರಹ. ಕಡ್ಡಿ ಗೀರಿದಂತೆ ಹೊತ್ತಿ ಮುಗಿದರೆ ಉಲ್ಕೆ. ಹೊಲದವರು ಕೂರಿಗಿ ಎನ್ನುವ ಮೂರು ಚುಕ್ಕಿಗಳ ಕೆಳಗಿನ ಮಬ್ಬು, ಹಲಗೆಯ ಮೇಲೆ ಬಟ್ಟೆಯಿಂದ ಒರೆಸಿದ ಸೀಮೆಸುಣ್ಣದಂಥದ್ದು, ನೀಹಾರಿಕೆ. ನಾಲ್ಕನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಷ್ಟ. ಅದಕ್ಕೆ ಉತ್ತರ ಹೇಳಬೇಕಾದರೆ ಮರುದಿನವೂ ಬರಬೇಕು.

"ಸರ್, ಅದು ಶುಕ್ರ ಅನ್ನಸ್ತೈತ್ರಿ" ಎಂದರೆ ಮುಗಿಯಿತು. "ಅನ್ನಸೂದು ಬ್ಯಾರೆ, ಕಾಣೂದು ಬ್ಯಾರೆ. ನಿನಗ ಏನ ಕಂಡ್ತು ಅದನ್ನ ಹೇಳು" ಎನ್ನುತ್ತಿದ್ದರು. ಉತ್ತರವನ್ನು ಅವರಾಗಿ ಹೇಳಿದ್ದು ನನಗೆ ನೆನಪಿಲ್ಲ. ಕೇಳುತ್ತಾ ಹೋಗುತ್ತಿದ್ದರು, ನಮ್ಮ ಬಾಯಿಂದಲೇ ಬರುವ ತನಕ. "ಮನಶ್ಯಾರ ಜಾತಿ ಕೇಳಬ್ಯಾಡ್ರಿ. ಕೇಳಬೇಕಂದ್ರ ಮ್ಯಾಲಿನವ್ರದು ಕೇಳ್ರಿ, ಅವ್ರಿಗೆ ಸಿಟ್ಟ ಬರೂದಿಲ್ಲ" ಎಂಬುದು ಅವರ ಇನ್ನೊಂದು ಮಾತು.

1997ರಲ್ಲಿ, ಯುಗಾದಿಯ ಆಸುಪಾಸಿನಲ್ಲಿ, ಹೊತ್ತು ಮುಳುಗಿದ ಮೇಲೆ ವಾಯವ್ಯದಲ್ಲಿ ಬಾಲಚುಕ್ಕಿ ಕಾಣಿಸಿಕೊಂಡಿತು. ನಾನಾಗ ಐದನೆಯ ತರಗತಿಯಲ್ಲಿದ್ದೆ. ಹೆಂಗಸರು ಕೈಗೂಸುಗಳನ್ನು ಒಳಗೆ ಸಾಗಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಗುಡಿಯ ಕಟ್ಟೆಯ ಮೇಲೆ ದಿನವೆಲ್ಲ ಕೂರುವ ಈರಪ್ಪಜ್ಜ, "ಇದು ರಾಜಾಗ ಕೇಡು" ಎಂದ.

"ರಾಜ ಎಲ್ಲದಾನೋ ಅಜ್ಜಾ?" ಎಂದರು ಮಾಸ್ತರರು. "ನಮಗಿರಾವ್ರು ತಹಶೀಲ್ದಾರ್ರು."

"ಹಂಗಾರ ಅವ್ರಿಗೇ ಆಗಲಿ ಬಿಡ್ರಿ."

ಕಟ್ಟೆಗೆ ಕಟ್ಟೆಯೇ ನಕ್ಕಿತು. ಆದರೂ ಆ ಸಂಜೆ ಕಣಕ್ಕೆ ಬಂದವರು ನಾವು ನಾಲ್ಕೈದು ಮಂದಿ ಮಾತ್ರ. ಅದು ಈಗ ಬೀಳುತ್ತದೆ, ಇನ್ನೊಂದು ಗಳಿಗೆಗೆ ಬೀಳುತ್ತದೆ ಎಂದು ನಾನು ಉಸಿರು ಹಿಡಿದಿದ್ದೆ. ಮಾಸ್ತರರು ನಾಲ್ಕು ಪ್ರಶ್ನೆ ಕೇಳಿ, ಮರುದಿನ ಬರಲು ಹೇಳಿ ಕಳಿಸಿದರು. ಮರುದಿನ ಅದು ಇತ್ತು, ಸ್ವಲ್ಪವೇ ಸರಿದಿತ್ತು. ಅದರ ಮರುದಿನವೂ ಇತ್ತು. "ಓಡಿ ಬೀಳೂದು ಉಲ್ಕೆ. ಇದು ಬೀಗರ ಹಂಗ. ಸಾವಕಾಶ ಬರತೈತಿ, ನಾಕ ದಿನ ಇರತೈತಿ, ಸಾವಕಾಶ ಹೋಗತೈತಿ. ಬೀಗರು ಬಂದ್ರ ಯಾರರ ಬಾಗಿಲಾ ಹಾಕ್ಕೋತಾರೇನು?" ಎಂದರು. ಹೆದರಿಕೆ ಹೋಗುವುದಕ್ಕೆ ಧೈರ್ಯಕ್ಕಿಂತ ಮೂರು ಸಂಜೆಗಳ ನೋಟ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ನನಗೆ ಗೊತ್ತಾದದ್ದು ಹಾಗೆ.

ನಾನು ಮಾತು ಕಡಿಮೆಯ ಹುಡುಗಿ. ಅವರು ನನಗೆ ಶನಿ ಎಂದು ಹೆಸರಿಟ್ಟರು. ನಮ್ಮವ್ವ ಕೇಳಿ ಶಾಲೆಗೇ ಬಂದಳು. "ಮಾಸ್ತರ್ರ, ನನ್ನ ಮಗಳೇನ ನಿಮ್ಮ ಹೆಗಲ ಏರ್ಯಾಳೇನ್ರಿ? ಹೆಣ್ಣಕೂಸಿಗೆ ಶನಿ ಅಂತೀರಲ್ಲ?"

"ತಂಗೀ, ಕಾರ್ತೀಕದಾಗ ಒಂದ ಸಂಜಿ ಬಂದು ನೋಡು. ಅದು ಮಿಣಕೂದಿಲ್ಲ, ಗಡಬಡ ಮಾಡೂದಿಲ್ಲ, ತನ್ನ ದಾರಿ ಬಿಡೂದಿಲ್ಲ. ಹೊಗಳೀನಿ ನಿನ್ನ ಮಗಳನ್ನ."

ಅವ್ವ ಬಂದು ನೋಡಿದಳು. "ಅಂಥಾ ಛಲೋ ಚುಕ್ಕಿಗೆ ಅಂಥಾ ಹೆಸರು ಯಾರ ಇಟ್ರೋ" ಎಂದು ಮನೆಗೆ ಹೋದಳು. ಹೊಗಳಿಕೆಯನ್ನೂ ವಾದ ಮಾಡಿಯೇ ಗೆಲ್ಲಬೇಕು ಎಂಬ ಹಟ ಅವರದು. ಅದು ನನಗೆ ಆಗ ಗುಣವಾಗಿಯೇ ಕಂಡಿತ್ತು.

ಊರಿನ ಜೊತೆ ಅವರ ದೊಡ್ಡ ಜಗಳ ಅರುಂಧತಿಯದು. ನಮ್ಮ ಕಡೆಯ ಮದುವೆಗಳಲ್ಲಿ ಅಕ್ಕಿಕಾಳು ಬೀಳುವುದೇ ನಡುಮಧ್ಯಾಹ್ನಕ್ಕೆ. ಆಮೇಲೆ ಅಯ್ಯನವರು ಮದುಮಕ್ಕಳನ್ನು ಚಪ್ಪರದ ಹೊರಗೆ ಕರೆದು, ಸುಡುವ ಬಿಸಿಲಿನಲ್ಲಿ ಬೆರಳೆತ್ತಿ ಅರುಂಧತಿ ತೋರಿಸುತ್ತಾರೆ. ಮದುಮಕ್ಕಳು ಕಣ್ಣು ಕಿರಿದು ಮಾಡಿ ಕಂಡಿತು ಎನ್ನುತ್ತಾರೆ. ಅರುಂಧತಿ ಕಾಣದವರಿಗೆ ಆರು ತಿಂಗಳ ಮೇಲೆ ಆಯುಷ್ಯವಿಲ್ಲ ಎಂಬ ನಂಬಿಕೆ ಇರುವಾಗ ಕಾಣಲಿಲ್ಲ ಎನ್ನುವ ಧೈರ್ಯ ಯಾರಿಗಿರುತ್ತದೆ? ಒಂದು ಮದುವೆಯಲ್ಲಿ ಮಾಸ್ತರರು ಕೊಡೆ ಹಿಡಿದು ಅಯ್ಯನವರ ಪಕ್ಕವೇ ನಿಂತು, "ನನಗ ಕಾಣವಲ್ದ್ರಿ ಸ್ವಾಮಿ. ಬೆರಳ ಸ್ವಲ್ಪ ಎಡಕ್ಕ ಮಾಡ್ರಿ. ಈಗೂ ಕಾಣವಲ್ದು" ಎನ್ನುತ್ತಾ ಊಟದ ಪಂಕ್ತಿ ತಡವಾಗುವಂತೆ ಮಾಡಿದ್ದರು.

ಕಣದಲ್ಲಿ ಆ ಚುಕ್ಕಿಯನ್ನು ಅವರು ಬೇರೆ ಕೆಲಸಕ್ಕೆ ಬಳಸುತ್ತಿದ್ದರು. ಸಪ್ತರ್ಷಿಯ ಬಾಲದ ನಡುವಿನದು ವಸಿಷ್ಠ. ಕಣ್ಣು ಚೆನ್ನಾಗಿದ್ದರೆ ಅದಕ್ಕೆ ಆತು ನಿಂತ ಸಣ್ಣ ಅರುಂಧತಿ ಬೇರೆಯಾಗಿ ಕಾಣುತ್ತದೆ. ಕಾಣದ ಮಕ್ಕಳನ್ನು ಅವರು ಕೊಪ್ಪಳಕ್ಕೆ ಕಣ್ಣು ಪರೀಕ್ಷೆಗೆ ಕಳಿಸುತ್ತಿದ್ದರು. ತಾಯಂದಿರು ಅತ್ತುಕೊಂಡು ಬರುತ್ತಿದ್ದರು. "ಕಾಣದಾವ್ರು ಸಾಯೂದಿಲ್ಲ ಬೇ, ಕನ್ನಡಕ ಹಾಕ್ಕೋತಾರ" ಎನ್ನುತ್ತಿದ್ದರು ಮಾಸ್ತರರು. ಹಾಗೆ ಕನ್ನಡಕ ಹಾಕಿಕೊಂಡವರು ಊರಿನಲ್ಲಿ ಇಂದಿಗೂ ಓಡಾಡುತ್ತಾರೆ.

ನಾನು ಹೈಸ್ಕೂಲು, ಕಾಲೇಜು ದಾಟಿ ಧಾರವಾಡದಲ್ಲಿ ಭೌತಶಾಸ್ತ್ರದ ಎಂಎಸ್ಸಿಗೆ ಸೇರಿದೆ. ಮೊದಲ ವರ್ಷದ ಬೇಸಿಗೆ ರಜೆಗೆ ಊರಿಗೆ ಬಂದಾಗ ಮಾಸ್ತರರು ನಿವೃತ್ತರಾಗಿದ್ದರು. ಕಣದ ಪಾಠ ಮಾತ್ರ ಬಿಟ್ಟಿರಲಿಲ್ಲ. ಒಂದು ಸಂಜೆ ನಾನೂ ಹೋಗಿ ಮಕ್ಕಳ ಹಿಂದೆ ಕೂತೆ. ಎಲ್ಲ ಹಿಂದಿನಂತೆಯೇ ನಡೆದಿತ್ತು. ದಂಟು ಮಾತ್ರ ಮಕ್ಕಳ ಕೈಗೆ ಹೋಗಿತ್ತು. ಅವರು ಕೇಳುತ್ತಿದ್ದರು, ಮಕ್ಕಳು ಹೇಳುತ್ತಿದ್ದರು. ರೇಣುಕಾ ಎಂಬ ಚುರುಕು ಹುಡುಗಿ ಎದ್ದು ನಿಂತಳು.

"ಸರ್, ನಂದೊಂದೈತ್ರಿ. ಯಾವ ಥರದ್ದು ನೀವ ಹೇಳ್ರಿ."

"ಎಲ್ಲೈತಿ?"

"ಮೂಡಲಕ್ಕ, ಭಾಳ ಕೆಳಗ."

"ಮಿಣಕತೈತೇನು?"

"ಇಲ್ರಿ."

"ನಡೀತೈತೇನು?"

"ಇಲ್ರಿ. ಕೆಂಪಗೈತ್ರಿ."

"ಅಂಚು?"

"ಚೂಪ."

"ಹಂಗಾರ ಅದು ಮಂಗಳ" ಎಂದರು ಮಾಸ್ತರರು.

ಮಕ್ಕಳು ಗೊಳ್ಳೆಂದು ನಕ್ಕರು. ಮೂಡಲಿಗೆ, ಗಿಡಗಳ ಮೇಲೆ, ಹೊಸದಾಗಿ ನಿಲ್ಲಿಸಿದ ಮೊಬೈಲ್ ಟವರಿನ ಕೆಂಪು ದೀಪ ಉರಿಯುತ್ತಿತ್ತು. ಮಾಸ್ತರರೂ ನಕ್ಕರು, ತಾವೇ ಪರೀಕ್ಷೆ ಮಾಡಿದವರಂತೆ. ನನಗೆ ನಗು ಬರಲಿಲ್ಲ. ಆ ತಿಂಗಳು ಸಂಜೆ ಮಂಗಳ ಕಾಣುತ್ತಿದ್ದುದು ಪಡುವಲಿಗೆ. ಜೊತೆಗೆ, ಅವರು ನಾಲ್ಕನೆಯ ಪ್ರಶ್ನೆಯನ್ನು ಕೇಳಿರಲಿಲ್ಲ. ಇಷ್ಟು ದಿನ ಅವರು ಮಕ್ಕಳ ಉತ್ತರಗಳಿಂದಲೇ ಆಕಾಶವನ್ನು ಓದುತ್ತಿದ್ದರು. ಎಂದೂ ತಾವಾಗಿ ಉತ್ತರ ಹೇಳದ ಮಾಸ್ತರರಿಗೆ ಕಾಣುತ್ತಿಲ್ಲ ಎಂದು ಯಾರಿಗಾದರೂ ಗೊತ್ತಾಗುವುದು ಹೇಗೆ?

ಮಕ್ಕಳು ಹೋದ ಮೇಲೆ ಕೇಳಿದೆ. "ಸರ್, ಅರುಂಧತಿ ಕಾಣತೈತೇನ್ರಿ?"

"ವಸಿಷ್ಠನೇ ಕಾಣವಲ್ಲ. ಅರುಂಧತಿ ಎಲ್ಲಿಂದ ಕಾಣಬೇಕು ಯವ್ವಾ."

"ಯಾವಾಗಿಂದ್ರಿ?"

"ಹ್ವಾದ ಮಳಿಗಾಲದಿಂದ. ಮೊದ್ಲ ಜ್ಯಾಡರ ಬಲಿ ಹಂಗ ಕಪ್ಪಗ ಏನೋ ಬಂತು. ಈಗ ಯಾವುದನ್ನ ನೋಡಬೇಕಂತೀನಿ, ಬರೋಬ್ಬರಿ ಅದರ ಮ್ಯಾಲ ಬಂದು ಕುಂದರತೈತಿ."

ಅವರಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಅದು ಕಣ್ಣಿನ ಒಳಪೊರೆಯಲ್ಲಿ ರಕ್ತ ಸೋರುವಂತೆ ಮಾಡುತ್ತದೆ, ಬೇಗ ತೋರಿಸಿದರೆ ಲೇಸರ್ ಹಾಕಿ ಉಳಿದದ್ದನ್ನು ಉಳಿಸುತ್ತಾರೆ ಎಂದು ಹೇಳಿದೆ. ಗಂಗಾವತಿಯಲ್ಲಿ ಕಣ್ಣಿನ ಡಾಕ್ಟರು ಇದ್ದಾರೆ, ನಾಳೆಯೇ ಹೋಗೋಣ ಎಂದೆ. "ಹೋಗೂಣು" ಎಂದರು. ಅವರು ಅಷ್ಟು ಬೇಗ ಒಪ್ಪಿದ್ದು ನನಗೆ ಸಮಾಧಾನವಾಯಿತು.

ಬೆಳಿಗ್ಗೆ ಬಸ್ಸಿಗೆ ಹೊರಟೆವು. ಬಸ್ಸು ನಿಲ್ಲುವುದು ಗುಡಿಯ ಕಟ್ಟೆಯ ಮುಂದೆ. ಟವರಿನ ದೀಪದ ಸುದ್ದಿ ಮಕ್ಕಳ ಬಾಯಿಂದ ಮನೆಗಳಿಗೆ, ಮನೆಗಳಿಂದ ಕಟ್ಟೆಗೆ ಆಗಲೇ ಬಂದಿತ್ತು. ಈರಪ್ಪಜ್ಜ ಕೋಲೂರಿ ಎದ್ದ.

"ಮಾಸ್ತರ್ರ, ಹುಡುಗೂರು ಏನೇನೋ ಅನ್ನಾಕತ್ತಾವು. ಖರೇ ಹೇಳ್ರಿ. ಅರುಂಧತಿ ಕಾಣತೈತೋ ಇಲ್ಲೋ?"

ಕಾಣುತ್ತದೆ ಎಂದು ಒಂದು ಮಾತು ಹೇಳಿ ಬಸ್ಸು ಹತ್ತಬಹುದಿತ್ತು. ಮದುಮಕ್ಕಳೆಲ್ಲ ಹೇಳುವ ಸುಳ್ಳೇ ಅದು. ಮಾಸ್ತರರು, "ಇಲ್ಲ" ಎಂದರು.

ಈರಪ್ಪಜ್ಜ ಅವರ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರಿತ್ತು. "ಆರು ತಿಂಗ್ಳ ಭಾಳ ಅಲ್ರೀ ಮಾಸ್ತರ್ರ. ಏನರ ಶಾಂತಿ ಮಾಡಸ್ರಿ. ನಾವೆಲ್ಲಾ ರೊಕ್ಕದ ಪಟ್ಟಿ ಹಾಕ್ತೀವಿ."

ಅವನು ಅಣಕಿಸಿದ್ದರೆ ಮಾಸ್ತರರು ತಿರುಗಿ ಅಣಕಿಸಿ ಬಸ್ಸು ಹತ್ತುತ್ತಿದ್ದರು. ಆ ಮರುಕವನ್ನು ಅವರಿಂದ ತಡೆದುಕೊಳ್ಳಲಾಗಲಿಲ್ಲ. ಕೈ ಬಿಡಿಸಿಕೊಂಡರು.

"ಎಣಿಸ್ರಿ" ಎಂದರು. "ಇವತ್ತಿನಿಂದ ಎಣಿಸ್ರಿ. ಶಾಂತಿ ಇಲ್ಲ, ದವಾಖಾನಿ ಇಲ್ಲ. ಆರು ತಿಂಗ್ಳ ಆದ ಮ್ಯಾಲ ಇದ ಕಟ್ಟಿಗೆ ಬಂದು ಕುಂದರ್ತೀನಿ. ಆಮ್ಯಾಲ ಈ ಊರಾಗ ಆ ಮಾತು ಯಾರೂ ಆಡಬಾರದು."

ಬಸ್ಸು ಬಂದು ನಿಂತು ಹೊರಟುಹೋಯಿತು. ನಾನು ಅವರ ಹಿಂದೆ ಮನೆಯ ಕಡೆ ನಡೆದೆ.

"ಶಾಂತಿ ಬ್ಯಾಡ, ಸರಿ. ದವಾಖಾನಿ ಯಾಕ ಬ್ಯಾಡ್ರಿ ಸರ್?"

"ಹ್ವಾದ್ರ, ಡಾಕ್ಟರು ಉಳಿಸಿದ್ರು ಅಂತಾರ."

"ಡಾಕ್ಟರು ಉಳಿಸಿದ್ರ ತಪ್ಪೇನ್ರಿ?"

ಅವರು ಹೆಜ್ಜೆ ಚುರುಕು ಮಾಡಿದರು.

"ಕಣ್ಣು ಆರು ತಿಂಗ್ಳ ಕಾಯೂದಿಲ್ರಿ."

"ಕಣ್ಣ ಒಬ್ಬ ಮನಶ್ಯಾಂದು. ಆ ಸುಳ್ಳ ಇಡೀ ಊರಿಂದು" ಎಂದರು. ಅವರ ಹೆಂಡತಿ ಗಂಗಮ್ಮನವರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು.

ಧಾರವಾಡಕ್ಕೆ ಹೊರಡುವವರೆಗೆ ದಿನಾಲೂ ಹೋಗಿ ಕೇಳಿದೆ, ಆಮೇಲೆ ಫೋನಿನಲ್ಲಿ ಕೇಳಿದೆ. "ಕಣ್ಣೂ ಕಡಿಮಿ ಆಗಾಕತ್ತೈತಿ, ದಿನಾನೂ ಕಡಿಮಿ ಆಗಾಕತ್ತಾವು" ಎಂದು ನಗುತ್ತಿದ್ದರು. ಶ್ರಾವಣದಲ್ಲಿ ಬಲಗಣ್ಣಿಗೆ ಒಮ್ಮೆಲೇ ಕೆಂಪು ಪರದೆ ಬಿದ್ದಂತಾಯಿತಂತೆ. ಎಡಗಣ್ಣು ಇನ್ನೂ ಇದೆಯಲ್ಲ ಎಂದರು.

ದೀಪಾವಳಿಗೆ ಬಂದಾಗ ಅವರ ಗಡುವು ಮುಗಿದಿತ್ತು. ಒಗೆದ ಧೋತರ ಉಟ್ಟು, ನನ್ನ ಮೊಣಕೈ ಹಿಡಿದುಕೊಂಡು ಕಟ್ಟೆಗೆ ಬಂದರು. ಎಡಗಣ್ಣಿನಲ್ಲಿ ಬಿಸಿಲು ನೆರಳಿನ ಗುರುತಷ್ಟೇ ಉಳಿದಿತ್ತು. ಕಲ್ಲನ್ನು ಕೈಯಿಂದ ತಡವಿ ಕೂತರು.

"ಬದುಕೀನಿ ನೋಡ್ರಿ."

"ಬದುಕಿದ್ರಿ, ನಮ್ಮಪ್ಪಾ, ಬದುಕಿದ್ರಿ!" ಈರಪ್ಪಜ್ಜ ಅವರ ಬೆನ್ನು ಸವರಿದ. "ಗಂಗಮ್ಮಾರ ದೀಪ ಹುಸಿ ಹೋಗಲಿಲ್ಲ."

"ಯಾವ ದೀಪ?"

ಪ್ರತಿ ಸೋಮವಾರ, ಬೆಳಕು ಹರಿಯುವ ಮುಂಚೆ, ಗಂಗಮ್ಮನವರು ಈಶ್ವರನ ಗುಡಿಯಲ್ಲಿ ಅವರ ಹೆಸರಿನ ದೀಪ ಹಚ್ಚಿ ಬರುತ್ತಿದ್ದರು. ಊರಿಗೆಲ್ಲ ಗೊತ್ತಿತ್ತು. ಪಕ್ಕದ ಹಾಸಿಗೆಯಿಂದ ಎದ್ದುಹೋಗುವ ಹೆಂಡತಿ ಮಾಸ್ತರರಿಗೆ ಕಂಡಿರಲಿಲ್ಲ.

ಅವರು ಎದ್ದು, ಮನೆಗೆ ವಿರುದ್ಧ ದಿಕ್ಕಿಗೆ ನಡೆಯತೊಡಗಿದರು. ನಾನು ಹೋಗಿ ತೋಳು ಹಿಡಿದು ತಿರುಗಿಸಿದೆ.

ಮರುವಾರ ಗಂಗಾವತಿಗೆ ಹೋದೆವು. ಅಲ್ಲಿಂದ ಹುಬ್ಬಳ್ಳಿಗೆ ಕಳಿಸಿದರು. ಹುಬ್ಬಳ್ಳಿಯ ಡಾಕ್ಟರು ದೀಪ ಆರಿಸಿ, "ಆರು ತಿಂಗಳ ಹಿಂದ ಯಾಕ ಬರಲಿಲ್ರಿ?" ಎಂದರು. ಮಾಸ್ತರರು ನಕ್ಕರು. ಡಾಕ್ಟರಿಗೆ ಬೇಜಾರಾಯಿತು.

ಕೊನೆಯ ಸಲ ಅವರನ್ನು ಕಂಡಾಗ ನಾನು ಕುಷ್ಟಗಿಯ ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿದ್ದೆ. ಕಾಯಿಲೆ ಮೂತ್ರಪಿಂಡಕ್ಕೆ ಇಳಿದು ಅವರ ಕಾಲು ಬಾತಿದ್ದವು. ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಗಂಗಮ್ಮನವರು ಒಳಗೆ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ತುಸು ಹೊತ್ತು ಕಾಲೇಜಿನ ಬಗ್ಗೆ ಕೇಳಿ, ಆಮೇಲೆ ಧ್ವನಿ ಇಳಿಸಿದರು.

"ನಾ ಗೆದ್ನೋ, ಸೋತ್ನೋ? ಅನ್ನಸೂದನ್ನ ಹೇಳಬ್ಯಾಡ. ಕಂಡದ್ದ ಹೇಳು."

ಸುಳ್ಳು ಹೇಳಬಹುದು ಎಂದು ನನಗೂ ಅನಿಸಿತು.

"ಸೋತ್ರಿ ಸರ್."

ಅವರು ತಲೆ ಆಡಿಸಿದರು. "ಹೌದು. ಅದು ಬ್ಯಾನಿ ಇತ್ತು. ನಾ ಅದನ್ನ ವಾದ ಅಂತ ತಿಳದ್ನಿ." ಬೇರೆ ಯಾರದೋ ಬಗ್ಗೆ ಹೇಳುವಂತೆ, "ನಲವತ್ತ ವರ್ಷ ಮಂದಿಗೆ ಗುರುತ ಹಿಡಿಯೂದು ಕಲಿಸಿದಾವ" ಎಂದರು. ಒಳಗೆ ರೊಟ್ಟಿಯ ಸದ್ದು ನಿಂತಿತು. ಗಂಗಮ್ಮನವರು ತಾಟು ತಂದು ಅವರ ಮುಂದಿಟ್ಟು, ಕೈ ಹಿಡಿದು ರೊಟ್ಟಿಯ ಅಂಚಿಗೆ ಮುಟ್ಟಿಸಿದರು.

ಅದೇ ಮಳೆಗಾಲದಲ್ಲಿ ತೀರಿಕೊಂಡರು. ನಾನು ಕುಷ್ಟಗಿಯಿಂದ ಬರುವಷ್ಟರಲ್ಲಿ ಅವರನ್ನು ಗೋಡೆಗೆ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಕಟ್ಟೆಯವರೆಲ್ಲ ಇದ್ದರು. ಎಲ್ಲರಿಗಿಂತ ಹೆಚ್ಚು ಅತ್ತವನು ಈರಪ್ಪಜ್ಜ. "ಆವತ್ತ ಹೋಗಬೇಕಿದ್ದಾವ್ರು, ಗಂಗಮ್ಮಾರ ಪುಣ್ಯಕ್ಕ ಇಷ್ಟ ದಿನ ಇದ್ರು" ಎನ್ನುತ್ತಿದ್ದ. ಯಾರೂ ಅವನನ್ನು ತಿದ್ದಲಿಲ್ಲ. ತಿದ್ದುವವರು ಗೋಡೆಗೆ ಒರಗಿದ್ದರು.

ಮಣ್ಣು ಮುಗಿಸಿ ಬಂದ ಮೇಲೆ ಹೆಂಗಸರ ನಡುವಿನಿಂದ ಗಂಗಮ್ಮನವರು ನನ್ನನ್ನು ಅಡುಗೆಮನೆಗೆ ಕರೆದರು.

"ನಿನಗೊಂದ ಮಾತ ಹೇಳಬೇಕು. ನಮ್ಮ ಮದಿವ್ಯಾಗ ನನಗ ಅರುಂಧತಿ ಕಂಡಿದ್ದಿಲ್ಲ. ಕಂಡ್ತು ಅಂದ್ನಿ. ಎಲ್ಲಾರೂ ಹಂಗ ಅಂತಾರ."

"ಹಗಲಿನ್ಯಾಗ ಕಾಣೂದಿಲ್ರಿ ಅಮ್ಮಾರ."

"ಅದು ನನಗೂ ಗೊತ್ತೈತಿ. ಇವ್ರ ಜೋಡಿ ಬಾಳೇವಿ ಮಾಡೀನಿ, ಅಷ್ಟೂ ಗೊತ್ತಿರೂದಿಲ್ಲೇನು?" ಸೆರಗಿನಿಂದ ಮುಖ ಒರೆಸಿಕೊಂಡರು. "ಗೊತ್ತಿದ್ರೂ ದೀಪ ಹಚ್ಚಿದ್ನಿ. ಅದು ಇರಲಿ. ನನಗೂ ಈಗ ಸಕ್ಕರಿ ಐತಿ. ಎಡಗಣ್ಣಾಗ ಎರಡ ತಿಂಗ್ಳದಿಂದ ಜ್ಯಾಡರ ಬಲಿ ಕಾಣಾಕತ್ತೈತಿ. ಇವ್ರ ಮುಂದೂ ಹೇಳಲಿಲ್ಲ. ಮಂದಿ ಮುಂದ ಹೇಳಿದ್ರ ನನಗೂ ಎಣಿಸಾಕ ಸುರು ಮಾಡ್ತಾರ."

ಯಾವಾಗ ತೋರಿಸುವುದು ಎಂದು ಕೇಳಿದೆ. ದಿನಗಳು ಮುಗಿಯುವ ತನಕ ಹೊಸ್ತಿಲು ದಾಟುವಂತಿಲ್ಲ ಎಂದರು. ನಾನು ಅವರ ಕೈ ಹಿಡಿದುಕೊಂಡು ನಿಂತೆ. ನನಗೆ ವಾದ ಮಾಡುವುದಕ್ಕೆ ಬರುವುದಿಲ್ಲ. "ನಾಳಿ ಮೊದಲ ಬಸ್ಸಿನ ಹೊತ್ತಿಗೆ ಬರ್ತೀನ್ರಿ" ಎಂದಷ್ಟೇ ಹೇಳಿ ಮನೆಗೆ ಹೋದೆ.

ಬೆಳಿಗ್ಗೆ ಹೋದಾಗ ಅವರು ಮುಖ ತೊಳೆದು, ತಲೆಯ ಮೇಲೆ ಸೆರಗು ಹೊದ್ದು, ಪಡಸಾಲೆಯಲ್ಲಿ ಕೂತಿದ್ದರು. ಮಾಸ್ತರರ ಅಕ್ಕ ಬಾಗಿಲಿಗೆ ಅಡ್ಡ ನಿಂತರು. "ಮಣ್ಣ ಕೊಟ್ಟು ಒಂದ ದಿನ ಆಗಿಲ್ಲ. ಎಲ್ಲಿಗೆ ಹೊಂಟಿ ಗಂಗವ್ವಾ? ಮಂದಿ ಏನಂದಾರು?"

"ಕಣ್ಣ ತೋರಿಸಿಕೊಳ್ಳಾಕ ಹೊಂಟೀನ್ರಿ ವೈನಿ. ಅಂದವ್ರು ಅನ್ನಲಿ."

ನಾನು ಅವರನ್ನು ಕರೆದುಕೊಂಡು ಕಟ್ಟೆಯ ಮುಂದೆಯೇ ಬಸ್ಸು ಹತ್ತಿದೆ. ಕೊಪ್ಪಳದಲ್ಲಿ ಬಸ್ಸು ಬದಲಿಸಿದೆವು. ಗಂಗಾವತಿಯಲ್ಲಿ ಡಾಕ್ಟರು ಇನ್ನೂ ಬಂದಿರಲಿಲ್ಲ. ಕಸ ಗುಡಿಸುವ ಹೆಂಗಸಿಗೆ ದಾರಿ ಬಿಟ್ಟು, ಮೆಟ್ಟಿಲ ಮೇಲೆ ಇಬ್ಬರೂ ಕೂತೆವು.